ನಿಂತ ನಾಯಿಯ ಎತ್ತರ

ನಮ್ಮ ಮನೆಯ ಹಿಂಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಕಂದು ಕಲೆ ಇದೆ. ನಾನು ಮೀನು ಶುಚಿ ಮಾಡಲು ಅಲ್ಲಿ ಕಲ್ಲಿನ ಹತ್ತಿರ ಕೂತರೆ ಸಾಕು, ನಾಯಿ ಬಂದು ನಿಲ್ಲುತ್ತಿತ್ತು. ತಲೆಯನ್ನೂ ಭುಜವನ್ನೂ ಗೋಡೆಗೆ ಒರಗಿಸಿಕೊಂಡು, ಮೀನಿನ ತಲೆ ಯಾವಾಗ ತನ್ನ ಕಡೆ ಬೀಳುತ್ತದೆಂದು ಕಾಯುತ್ತಿತ್ತು. ಬಣ್ಣ ಬಳಿಸಿದ ಗೋಡೆ ಹೀಗೆ ಹಾಳಾಗುವುದನ್ನು ಕಂಡು ನನಗೆ ಮೈಯೆಲ್ಲ ಉರಿಯುತ್ತಿತ್ತು. ಗೋಡೆಯನ್ನು ಸೋಪು ಹಾಕಿ ಉಜ್ಜಿದೆ, ನಾಯಿಗೆ ಬೈದೆ, ಅದನ್ನು ತಲೆಯ ಮೇಲೆ ಕೂರಿಸಿಕೊಂಡ ಗಂಡನಿಗೂ ಬೈದೆ. ಗೋಡೆ, ನಾಯಿ, ಗಂಡ, ಯಾರೂ ನನ್ನ ಮಾತು ಕೇಳಲಿಲ್ಲ.

ಕಾರ್ಕಳದ ಹತ್ತಿರ ಕುಕ್ಕುಂದೂರಿನ ನನ್ನ ತವರಿನಿಂದ ಅದನ್ನು ಮರಿಯಾಗಿದ್ದಾಗ ಕಾಪುವಿಗೆ ತಂದವಳು ನಾನೇ. ಆದರೆ ಅದು ನನ್ನದಾಗಿ ಉಳಿಯಲಿಲ್ಲ. ಗಂಡನದು ಮೀನಿನ ವ್ಯಾಪಾರ. ಬೆಳಿಗ್ಗೆ ಅವರು ಕಡಲಿನ ಕಡೆ ಹೊರಟರೆ ಅದೂ ಹಿಂದೆಯೇ ಹೊರಟಿತೆಂದು ಲೆಕ್ಕ. ಕಳೆದ ವರ್ಷ ಹಾಗೆ ಹೋದಾಗಲೇ, ಐಸ್ ತುಂಬಿದ ಟೆಂಪೊವೊಂದು ಹಿಂದಕ್ಕೆ ಬಂದು ಅದರ ಮುಂಗಾಲು ಮುರಿಯಿತು.

ಮಣಿಪಾಲದಲ್ಲಿ ಪ್ರಾಣಿಗಳ ಡಾಕ್ಟರಮ್ಮ ಒಬ್ಬರು ಆಪರೇಷನ್ ಮಾಡಿ ಕಾಲಿಗೆ ಪ್ಲೇಟ್ ಹಾಕಿದರು. ಮನೆಗೆ ಒಯ್ಯುವ ಮೊದಲು ನಾಯಿಯನ್ನು ಇಡುವ ಒಂದು ಕ್ರೇಟ್ ತನ್ನಿ, ಮೂಳೆ ಕೂಡುವವರೆಗೆ ಅದು ಅದರೊಳಗೇ ಇರಬೇಕು ಎಂದರು.

"ದೊಡ್ಡದೇ ತರ್ತೇವೆ ಡಾಕ್ಟ್ರೇ. ಪಾಪ, ಅದಕ್ಕೂ ಜಾಗ ಬೇಕಲ್ವಾ" ಎಂದೆ ನಾನು.

"ಬೇಡ. ಜಾಗ ಹೆಚ್ಚಾದ್ರೆ ಕುಣಿಲಿಕ್ಕೆ ನೋಡ್ತದೆ, ಕಾಲು ಅಲುಗಾಡ್ತದೆ. ತಲೆ ಎತ್ತಿ ನಿಲ್ಲಬೇಕು, ಒಳಗೇ ತಿರುಗಬೇಕು, ಕಾಲು ಚಾಚಿ ಮಲಗಬೇಕು. ಅಷ್ಟು ಉಂಟಾದ್ರೆ ಸಾಕು. ಮೂಳೆ ಓರೆಯಾಗಿ ಕೂಡಿದ್ರೆ ಕಾಲು ಗಿಡ್ಡ ಆಗ್ತದೆ. ಮತ್ತೆ ಜೀವಮಾನವಿಡೀ ಕುಂಟುದೇ."

ಗಂಡ ಕಿಸೆಯಿಂದ ಬಲೆಯ ನೂಲು ತೆಗೆದು, ಮಲಗಿದ್ದ ನಾಯಿಯ ಮೂಗಿನಿಂದ ಬಾಲದ ಬುಡದವರೆಗೆ ಹಿಡಿದು ಒಂದು ಗಂಟು ಹಾಕಿದರು. ಮೇಜಿನಿಂದ ಅದರ ಬೆನ್ನಿನವರೆಗೆ ಹಿಡಿದು ಇನ್ನೊಂದು. ಪೆಟ್ಟಿಗೆಯಲ್ಲಿ ಖಾಲಿ ಜಾಗ ಉಳಿದರೆ ಮೀನು ಅಲುಗಾಡಿ ಜಜ್ಜಿಹೋಗುತ್ತದೆಂದು ಇಷ್ಟು ವರ್ಷ ಒತ್ತಿ ತುಂಬಿದವರು. ಡಾಕ್ಟರಮ್ಮನ ಮಾತಿನಲ್ಲಿ ಅಲುಗಾಡುವ ವಿಷಯ ಮಾತ್ರ ಅವರ ಕಿವಿಗೆ ಬಿದ್ದಿರಬೇಕು. ಸೀದಾ ಉಡುಪಿಯ ಅಂಗಡಿಗೆ ಹೋಗಿ, ನೂಲಿನ ಅಳತೆಯ ಮೇಲೆ ಸ್ವಲ್ಪವೇ ಜಾಗ ಬಿಟ್ಟು, ಕಬ್ಬಿಣದ ಸರಳಿನ ಕ್ರೇಟ್ ತಂದರು. ನಾನು ಹೇಳಿದ ಯಾವ ಕೆಲಸವನ್ನೂ ಇವರು ಇಷ್ಟು ಬೇಗ ಮಾಡಿದವರಲ್ಲ.

ಮನೆಯಲ್ಲಿ ಮಂಪರು ಇಳಿದ ನಾಯಿ ನೀರು ಕುಡಿಯಲು ಎದ್ದಾಗ ಗೊತ್ತಾಯಿತು. ತಲೆ ಸರಳಿಗೆ ಬಡಿಯಿತು. ಕುತ್ತಿಗೆ ತಗ್ಗಿಸಿ ನಿಲ್ಲಲು ಹೋಗಿ ಕಟ್ಟು ಹಾಕಿದ ಕಾಲನ್ನೇ ನೆಲಕ್ಕೆ ಊರಿತು, ಕೀರಲು ದನಿಯಲ್ಲಿ ಅತ್ತಿತು. ನಾನು ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

"ತಲೆ ತಗ್ಗಿಸಿದ್ರೆ ಭಾರ ಎಲ್ಲ ಮುಂಗಾಲಿಗೇ ಬೀಳ್ತದೆ. ಇವತ್ತೇ ಬದಲಾಯಿಸಿ" ಎಂದರು.

"ಎಂತ ಅಳತೆ ತೆಗೆದದ್ದು ನೀವು?" ಎಂದು ಗಂಡನನ್ನು ಕೇಳಿದೆ.

"ಮಲಗಿದ್ದಾಗ ತೆಗೆದದ್ದು. ಮೀನನ್ನು ಯಾರಾದ್ರೂ ನಿಲ್ಲಿಸಿ ಅಳೀತಾರಾ?"

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಆಗ ಅಳು ಬಂತು.

ಈಗ ಅದನ್ನು ನಿಲ್ಲಿಸಿ ಅಳೆಯುವಂತಿರಲಿಲ್ಲ. ಎತ್ತಿ ಹಿಡಿಯುತ್ತೇನೆಂದು ಅವರು ಬಂದರು, ಮುಟ್ಟಬೇಡಿ ಎಂದು ನಾನು ತಡೆದೆ. ಇಷ್ಟೆತ್ತರ ಎಂದು ಅವರು ಮೊಣಕಾಲಿನ ಹತ್ತಿರ ಕೈ ಹಿಡಿದರು, ನಾನು ತೊಡೆಯ ಹತ್ತಿರ. ದಿನಾ ಕಣ್ಣೆದುರಿಗೇ ನಿಲ್ಲುತ್ತಿದ್ದ ನಾಯಿಯ ಎತ್ತರ ಇಬ್ಬರಿಗೂ ಗೊತ್ತಿರಲಿಲ್ಲ. ಸಿಟ್ಟಿನಿಂದ ಎದ್ದು ಹಿಂಬಾಗಿಲಿಗೆ ಬಂದೆ. ಗೋಡೆಯ ಕಲೆ ಕಣ್ಣಿಗೆ ಬಿತ್ತು.

"ಇಲ್ಲಿ ಬನ್ನಿ. ನೂಲು ತನ್ನಿ."

ಅವರು ಮಂಡಿಯೂರಿ ಕೂತು ನೆಲದಿಂದ ಕಲೆಯ ಮೇಲಂಚಿನವರೆಗೆ ನೂಲು ಹಿಡಿದರು. ಕಿವಿ ಉಜ್ಜಿ ಉಜ್ಜಿ ಅಲ್ಲಿ ಗೋಡೆ ಎಣ್ಣೆ ಹಚ್ಚಿದಂತೆ ಮಿನುಗುತ್ತಿತ್ತು. ಅದರ ಮೇಲೆ ನಾನು ನಾಲ್ಕು ಬೆರಳು ಅಡ್ಡ ಇಟ್ಟೆ. ಗಂಟು ಅಲ್ಲಿಗೆ ಬಿತ್ತು. ಅಂಗಡಿಯವರು ಬದಲಾಯಿಸಿ ಕೊಟ್ಟ ಕ್ರೇಟಿನೊಳಗೆ ನಾಯಿ ಮೂರು ಕಾಲಿನಲ್ಲಿ ಎದ್ದು, ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿ, ನೀರು ಕುಡಿದು, ತಿರುಗಿ ಮಲಗಿತು.

ಆಮೇಲಿನ ವಾರಗಳು ಸದ್ದಿಲ್ಲದೆ ಕಳೆದವು. ಗಂಡ ಕಡಲಿನಿಂದ ಬಂದವರೇ ಕ್ರೇಟಿನ ಪಕ್ಕ ನೆಲದಲ್ಲಿ ಕೂತು ಅವತ್ತಿನ ಮೀನಿನ ಸುದ್ದಿ ಅದಕ್ಕೆ ಹೇಳುತ್ತಿದ್ದರು. ನನಗೆ ಅಷ್ಟು ವಿವರವಾಗಿ ಎಂದೂ ಹೇಳಿದವರಲ್ಲ. ಕಾಲಿನ ಮಾತನ್ನು ಮಾತ್ರ ನಾವಿಬ್ಬರೂ ಎತ್ತುತ್ತಿರಲಿಲ್ಲ.

ಇನ್ನು ಹೊರಗೆ ಬಿಡಬಹುದು ಎಂದು ಡಾಕ್ಟರಮ್ಮ ಹೇಳಿದ ದಿನ ನಾನು ಬಂಗುಡೆ ಮೀನು ಹಿಡಿದುಕೊಂಡು ಕಲ್ಲಿನ ಹತ್ತಿರ ಕೂತೆ. ಅವರು ಒಳಗೆ ಕ್ರೇಟಿನ ಬಾಗಿಲು ತೆಗೆದರು. ನಾಯಿ ತಡೆದು ತಡೆದು ಹೆಜ್ಜೆ ಇಡುತ್ತಾ ಹಿಂಬಾಗಿಲು ದಾಟಿತು. ಕುಂಟುತ್ತಿದೆಯೋ ಹೆದರಿದೆಯೋ ತಿಳಿಯಲಿಲ್ಲ. ಅದು ತನ್ನ ಜಾಗಕ್ಕೆ ಬಂತು. ನಾಲ್ಕೂ ಕಾಲು ಊರಿ ನಿಂತು ಗೋಡೆಗೆ ತಲೆ ಒರಗಿಸಿತು.

ಅವರು ಬಾಗಿ ನೋಡಿದರು. ಕಿವಿ ಹಳೆಯ ಕಲೆಯ ಮೇಲಂಚಿಗೇ ಮುಟ್ಟಿತ್ತು.

"ಸರಿ ಉಂಟು ಮಾರಾಯ್ತಿ" ಎಂದರು.

ನಾನು ಮೀನಿನ ತಲೆ ಕತ್ತರಿಸಲು ಹೋಗಲಿಲ್ಲ. ಬಂಗುಡೆಯನ್ನು ಇಡಿಯಾಗಿ ಅದರ ಮುಂದೆ ಇಟ್ಟೆ.