ಕೊನೆಯ ಸಾಲು ಮುಚ್ಚದ ಸ್ವೆಟರು

ಅತಿಥಿಗಳು ಆನೆ ಹಿಡಿಯುವ ಕತೆ ಹೇಳುತ್ತಿದ್ದರು. ಅರಣ್ಯ ಇಲಾಖೆಯಿಂದ ನಿವೃತ್ತರಾದ ದೊಡ್ಡ ಮನುಷ್ಯರು, ಕೋಟು ಹಾಕಿಕೊಂಡು ಬಂದಿದ್ದರು, ಕೈಯನ್ನೇ ಸೊಂಡಿಲು ಮಾಡಿ ತೋರಿಸುತ್ತಿದ್ದರು. ಎದುರಿಗೆ ಜಮಖಾನೆಯ ಮೇಲೆ ಕೂತ ಹೆಂಗಸರಲ್ಲಿ ಒಬ್ಬಳಾದರೂ ತಲೆ ಎತ್ತಿ ಅವರ ಮುಖ ನೋಡಬೇಕಲ್ಲ! ಎಲ್ಲರ ಕಣ್ಣೂ ಮಡಿಲಲ್ಲಿ, ಎಲ್ಲರ ಕೈಯಲ್ಲೂ ಎರಡೆರಡು ಉದ್ದನೆಯ ಕಡ್ಡಿ, ಕಡ್ಡಿಯ ತುಂಬ ಉಲ್ಲನ್ ದಾರ. ಟಿಕ್ ಟಿಕ್ ಟಿಕ್. ಆನೆ ಗುಂಡಿಗೆ ಬಿದ್ದಾಗಲೂ ಟಿಕ್ ಟಿಕ್. ಅಯ್ಯೋ ಶಿವನೇ, ಎಂಥ ಊರಿಗೆ ಬಂದೆ, ಕರೆದು ಕೂರಿಸಿದವರಿಗೆ ಇಂಥ ಅವಮಾನವೇ ಎಂದು ನನಗೆ ಮೈಯೆಲ್ಲ ಉರಿಯಿತು. ನಮ್ಮ ಕಡೆಯೂ ಪುರಾಣ ಕೇಳುತ್ತಾ ಹತ್ತಿ ಬತ್ತಿ ಹೊಸೆಯುತ್ತೇವೆ, ನಿಜ. ಆದರೆ "ಹೌದ್ರೀ, ಹೌದ್ರೀ" ಎನ್ನುತ್ತಾ ಹೊಸೆಯುತ್ತೇವೆ. ಮಾತು ಮುಗಿದ ಮೇಲೆ ಆ ಹೆಂಗಸರು ಒಬ್ಬೊಬ್ಬರಾಗಿ ಪ್ರಶ್ನೆ ಕೇಳತೊಡಗಿದರು. ಒಂದು ಮಾತನ್ನೂ ಬಿಟ್ಟಿರಲಿಲ್ಲ. ಸಿಟ್ಟಿನ ಭರದಲ್ಲಿ ಅರ್ಧ ಕತೆ ಕಳೆದುಕೊಂಡವಳು ನಾನೊಬ್ಬಳೇ.

ರೋಣದ ಕಡೆಯ ಹಳ್ಳಿಯವಳಿಗೆ ಜಯನಗರದಲ್ಲೇನು ಕೆಲಸ ಎಂದು ಕೇಳುತ್ತೀರಿ. ನಾಡು ಒಂದಾಯಿತು, ಕಾಗದಪತ್ರದ ಪೆಟ್ಟಿಗೆಗಳು ಬೆಂಗಳೂರಿಗೆ ಹೋದವು, ಪೆಟ್ಟಿಗೆಗಳ ಹಿಂದೆ ಗುಮಾಸ್ತರನ್ನೂ ಸಾಗಿಸಿದರು. ನಮ್ಮ ಮನೆಯವರು ಗುಮಾಸ್ತರು. ಕಮಲಮ್ಮ ಎಂಬವರ ಮನೆಯ ಹಿಂದೆ ಒಂದು ಕೋಣೆ, ಒಂದು ಅಡುಗೆಮನೆ ಬಾಡಿಗೆಗೆ ಸಿಕ್ಕಿತು. ಜಯನಗರ ಎಂದರೆ ಆಗ ಕಲ್ಲು ನೆಟ್ಟ ಸೈಟುಗಳೇ ಹೆಚ್ಚು, ಮನೆಗಳು ಕಡಿಮೆ. ಬನಶಂಕರಿ ಗುಡಿಯ ಕಡೆ ನಡೆದರೆ ರಾಗಿ ಹೊಲ. ಊರಲ್ಲಿ ನಮ್ಮ ಬಾಗಿಲು ಬೆಳಗಿನಿಂದ ಸಂಜೆಯವರೆಗೆ ತೆರೆದಿರುತ್ತದೆ, ಹೋಗಿ ಬರುವವರೆಲ್ಲ ಒಳಗೆ ಇಣುಕಿ ಏನು ಅಡುಗೆ ಎಂದು ಕೇಳುತ್ತಾರೆ. ಇಲ್ಲಿ ಬಾಗಿಲಿಗೆ ಚಿಲಕ, ಅದರಾಚೆ ಗೇಟಿಗೂ ಚಿಲಕ. ಮೊದಲ ದಿನ ನಾನು ರೊಟ್ಟಿ ಬಡಿದಾಗ ಕಮಲಮ್ಮ ಓಡಿ ಬಂದು, "ಏನ್ರೀ ಗಿರಿಜಾ, ಗೋಡೆಗೆ ಮೊಳೆ ಹೊಡೀತಿದೀರಾ?" ಎಂದರು. ಬಿಸಿ ರೊಟ್ಟಿ, ಎಣ್ಣೆಗಾಯಿ ಕೊಟ್ಟೆ. ತಿಂದು, ಮರುದಿನ ಸದ್ದು ಕೇಳಿದ ಕೂಡಲೇ ತಟ್ಟೆ ಹಿಡಿದೇ ಬಂದರು.

ಆದರೂ ಮಧ್ಯಾಹ್ನ ಕಳೆಯುತ್ತಿರಲಿಲ್ಲ. ಬಾಯಿ ಬಿಟ್ಟರೆ ತರಕಾರಿಯವಳು ಕೂಡ, "ಯಾವ ಕಡೆಯೋರಮ್ಮ ನೀವು?" ಎಂದು ನಗುತ್ತಿದ್ದಳು. ನಾನು ಮಾತು ಕಡಿಮೆ ಮಾಡಿದೆ. ಮಾತೇ ಉಸಿರಾಗಿದ್ದವಳು ಬಾಯಿ ಮುಚ್ಚಿಕೊಂಡು ಕೂರುವುದೆಂದರೇನು ಎಂದು ನನ್ನನ್ನು ಬಲ್ಲವರಿಗೆ ಗೊತ್ತು. ಅದನ್ನು ಕಂಡೇ ಕಮಲಮ್ಮ ನನ್ನನ್ನು ತಮ್ಮ ಹೆಣಿಗೆ ಸಂಘಕ್ಕೆ ಎಳೆದುಕೊಂಡು ಹೋದದ್ದು. ತಿಂಗಳಿಗೊಂದು ಶನಿವಾರ ಒಬ್ಬರ ಮನೆಯಲ್ಲಿ ಸೇರುವುದು, ಒಬ್ಬ ಅತಿಥಿಯ ಮಾತು ಕೇಳುವುದು, ಕಾಫಿ ಕುಡಿಯುವುದು. ಒಂದು ಸಲ ಗುಲಾಬಿ ಬೆಳೆಸುವವರು, ಇನ್ನೊಂದು ಸಲ ಹಡಗಿನಲ್ಲಿ ವಿಲಾಯತಿಗೆ ಹೋಗಿ ಬಂದ ಮೇಷ್ಟರು. ನಮ್ಮಲ್ಲಿ ಉಣ್ಣೆ ಎಂದರೆ ಕುರುಬರ ಮಗ್ಗದ ಕಂಬಳಿ, ಹೆಂಗಸರು ಅದನ್ನು ಹೊದೆಯುತ್ತೇವೆಯೇ ಹೊರತು ಹೆಣೆಯುವುದು ಗೊತ್ತಿಲ್ಲ. ಕಮಲಮ್ಮ ನನ್ನ ಬೆರಳು ಹಿಡಿದು ಕಲಿಸಿದರು. ನನ್ನ ಮೊದಲ ಮಫ್ಲರು ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಲಾಡಿಯಷ್ಟು. ನಮ್ಮ ಮನೆಯವರು ಪಾಪ, ಅದನ್ನೇ ಸುತ್ತಿಕೊಂಡು ಬಸ್ಸು ಹತ್ತಿದರು. ಸಂಘದಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಊರಲ್ಲಿ ನಾನು ಜೋರಾಗಿ ನಕ್ಕದ್ದು ಅದೇ ಮೊದಲು.

ಅಷ್ಟರಲ್ಲಿ ನಾನು ಬಸುರಿಯಾದೆ. ಸಂತೋಷಕ್ಕಿಂತ ಮೊದಲು ಬಂದದ್ದು ಭಯ.

ಊರಲ್ಲಿ ನನಗೊಂದು ಗಂಡುಕೂಸು ಹುಟ್ಟಿತ್ತು. ಅದು ಹುಟ್ಟುವ ಮೊದಲೇ ನಮ್ಮ ಮನೆಯವರು ಉತ್ಸಾಹದಿಂದ ಹುಬ್ಬಳ್ಳಿಗೆ ಹೋಗಿ ಜರಿಯ ಕುಂಚಿಗೆ ತಂದಿದ್ದರು, ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಯುವ ಅಂದದ ಟೊಪ್ಪಿಗೆ. ಕೂಸು ಹುಟ್ಟಿತು, ಅತ್ತಿತು, ಸಂಜೆಯ ಹೊತ್ತಿಗೆ ಹೋಯಿತು. ಬಾಯಿ ಬಿಟ್ಟು ಯಾರೂ ಏನೂ ಅನ್ನಲಿಲ್ಲ. ಬಂದ ಹೆಂಗಸರೆಲ್ಲ ಗೂಟಕ್ಕೆ ತೂಗಿದ್ದ ಆ ಕುಂಚಿಗೆಯನ್ನೊಮ್ಮೆ, ನಮ್ಮ ಮನೆಯವರನ್ನೊಮ್ಮೆ ನೋಡಿದರು, ಅಷ್ಟೇ. ಹುಟ್ಟದ ಕೂಸಿಗೆ ಹೊಸ ಅರಿವೆ ತರಬಾರದು, ಮೊದಲು ಮೈಮುಟ್ಟುವುದು ಹಳೆಯ ಬಟ್ಟೆಯೇ ಆಗಬೇಕು. ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೀನು ಅದನ್ನು ನಂಬುತ್ತೀಯಾ ಎಂದು ಮಾತ್ರ ನನ್ನನ್ನು ಕೇಳಬೇಡಿ. ಕೂಸನ್ನು ಮಣ್ಣಿಗೆ ಕೊಟ್ಟವಳು ಏನನ್ನು ಬೇಕಾದರೂ ನಂಬುತ್ತಾಳೆ.

ಈ ಸಂಘದಲ್ಲೋ ಬೇರೆಯೇ ಪದ್ಧತಿ. ಸದಸ್ಯೆ ಬಸುರಿಯಾದರೆ ಉಳಿದವರು ಸೇರಿ ಕೂಸಿಗೆ ಸ್ವೆಟರು, ಟೋಪಿ, ಕಾಲುಚೀಲ ಹೆಣೆದು, ಸಭೆಯಲ್ಲಿ ಅತಿಥಿಯ ಕೈಯಿಂದ ಕೊಡಿಸುತ್ತಿದ್ದರು. ಆಗ ಎಲ್ಲರೂ ಚಪ್ಪಾಳೆ ತಟ್ಟುವುದನ್ನು ನಾನೇ ಕಂಡಿದ್ದೆ, ಕಂಡು ನಡುಗಿದ್ದೆ. ಅದಕ್ಕೇ ಸೆರಗು ಹೊದ್ದು ಹೊಟ್ಟೆ ಮುಚ್ಚಿಕೊಂಡೆ. ತಲೆನೋವು, ನೆಂಟರು, ಶನಿವಾರದ ಉಪವಾಸ ಎಂದೆಲ್ಲ ನೆಪ ಹೇಳಿ ಸಂಘ ತಪ್ಪಿಸಿದೆ. ಹೆಂಗಸರ ಕಣ್ಣಿಗೆ ಎಷ್ಟು ದಿನ ಮಣ್ಣೆರಚಲಾದೀತು? ನಲ್ಲಿಯ ಹತ್ತಿರ ಕಮಲಮ್ಮ ನನ್ನ ಕೈಯಿಂದ ಕೊಡ ಕಿತ್ತುಕೊಂಡರು. "ಎಷ್ಟು ತಿಂಗಳು? ನನ್ನ ಹತ್ರಾನೂ ಮುಚ್ಚಿಡೋದಾ? ನಾವೇನು ಹೊರಗಿನೋರಾ?" ಎಂದರು. ನಾನು ಸೆರಗು ಎಳೆದುಕೊಂಡು ಒಳಗೆ ಹೋದೆ.

ಮುಂದಿನ ಶನಿವಾರ ಅವರ ಮನೆಯಲ್ಲೇ ಸಭೆ. ಲೇಡಿ ಡಾಕ್ಟರೊಬ್ಬರು ಬಾಣಂತನದ ಬಗ್ಗೆ ಮಾತನಾಡುತ್ತಾರೆ, ನೀವು ಬರಲೇಬೇಕು ಎಂದು ಕರೆದುಕೊಂಡು ಹೋದರು. ಡಾಕ್ಟರು ಚೆನ್ನಾಗಿಯೇ ಮಾತಾಡಿದರು. ಮುಗಿದ ಮೇಲೆ ನನ್ನ ಹೆಸರು ಕರೆದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಹಳದಿ ಸ್ವೆಟರು, ಅಂಗೈಯಷ್ಟು ಟೋಪಿ, ಕಾಲುಚೀಲ. ನನಗೆ ಕಂಡದ್ದು ಗೂಟದ ಮೇಲಿನ ಕುಂಚಿಗೆ. "ಬ್ಯಾಡ್ರೀ! ಒಯ್ರಿ ಅದನ್ನ, ನನ್ನ ಮುಂದ ತರಬ್ಯಾಡ್ರಿ!" ಎಂದು ಕಿರುಚಿ ಕೈ ಬೀಸಿದೆ. ತಟ್ಟೆ ಠಣ್ಣೆಂದು ನೆಲಕ್ಕೆ ಬಿತ್ತು. ಕಡ್ಡಿಗಳ ಸದ್ದೆಲ್ಲ ನಿಂತುಹೋಯಿತು.

ಡಾಕ್ಟರು, "ಈ ಕಾಲದಲ್ಲೂ ಹೀಗಾ?" ಎಂದು ನಕ್ಕರು. ಯಾರೋ, "ಆ ಕಡೆಯೋರಿಗೆ ನಮ್ಮದೆಲ್ಲಿ ಹಿಡಿಸುತ್ತೆ" ಎಂದರು. ಕಮಲಮ್ಮ ಬಗ್ಗಿ ಕಾಲುಚೀಲ ಆರಿಸಿಕೊಂಡರು. ಕೂಸು ಹೋಗಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ, ಅವರಿಗಾದರೂ ಹೇಗೆ ಗೊತ್ತಾಗಬೇಕು?

ಆಮೇಲೆ ಎಷ್ಟೋ ದಿನ ರೊಟ್ಟಿಯ ಸದ್ದಾದರೂ ತಟ್ಟೆ ಬರಲಿಲ್ಲ. ಮನೆ ಬಿಡಿಸುತ್ತಾರೇನೋ ಎಂದು ನಮ್ಮ ಮನೆಯವರಿಗೆ ದಿಗಿಲು. ಕೊನೆಗೆ ಅವರೇ ಹೋಗಿ ಕುಂಚಿಗೆಯ ಕತೆಯನ್ನೆಲ್ಲ ಹೇಳಿ ಬಂದರು. ಹೆಂಡತಿಯ ಮುಂದೆಯೂ ಅದರ ಮಾತೆತ್ತದ ಮನುಷ್ಯ, ಮನೆಯ ಯಜಮಾನಿಯ ಮುಂದೆ ನಿಂತು ಅತ್ತರಂತೆ.

ಅಂದೇ ಮಧ್ಯಾಹ್ನ ಕಮಲಮ್ಮ ಬಂದರು, ಆ ಹಳದಿ ಸ್ವೆಟರನ್ನೇ ಹಿಡಿದುಕೊಂಡು. ನಾನು ಹಿಂದೆ ಸರಿದೆ.

"ಹೆದರ್ಬೇಡಿ, ನೋಡಿ" ಎಂದರು. ಕೊನೆಯ ಸಾಲು ಬಿಚ್ಚಿ, ಕುಣಿಕೆಗಳನ್ನೆಲ್ಲ ಮತ್ತೆ ಕಡ್ಡಿಗೆ ಏರಿಸಿದ್ದರು. "ಸಾಲು ಮುಚ್ಚೋವರ್ಗೂ ಇದು ಸ್ವೆಟರ್ ಅಲ್ಲ ಕಣ್ರೀ. ಕಡ್ಡಿ ಎಳೆದ್ರೆ ಎಲ್ಲಾ ಬಿಚ್ಚೋಗುತ್ತೆ, ಬರೀ ದಾರ. ಟೋಪಿ, ಕಾಲುಚೀಲಾನೂ ಹಂಗೇ ಮಾಡಿದೀನಿ. ನನ್ನ ಹತ್ರಾನೇ ಇರ್ಲಿ."

ಅವರು ಹೊಸ್ತಿಲ ಮೇಲೆ ಕುಸಿದು ಕೂತು, "ನಮ್ಮಲ್ಲೂ ಹುಟ್ಟೋಕೆ ಮುಂಚೆ ಬಟ್ಟೆ ತರಲ್ಲ ರೀ" ಎಂದರು. "ಲಂಗೋಟಿ ಕೂಡ ಹೊಲಿಯಲ್ಲ. ಉಲ್ಲನ್ನೂ ಬಟ್ಟೇನೇ ಅಂತ ಇಷ್ಟು ವರ್ಷದಲ್ಲಿ ನಮಗ್ಯಾರಿಗೂ ಹೊಳೀಲೇ ಇಲ್ಲ ನೋಡಿ. ಕಾಫಿ, ಭಾಷಣ, ಚಪ್ಪಾಳೆ, ಅದರಲ್ಲೇ ಮರೆತ್ವಿ." ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು. ಅಳುವಿನ ನಡುವೆಯೇ ನನಗೆ ನಗು ಬಂತು. ನನ್ನನ್ನು ಅಷ್ಟು ಹೆದರಿಸಿದ ಹೊಸ ಪದ್ಧತಿ ಬರೀ ಒಂದು ಮರೆವಾಗಿತ್ತು.

ಹೆರಿಗೆಗೆ ಊರಿಂದ ಅವ್ವ ಬಂದಳು. ಹೆಣ್ಣುಕೂಸು, ಹಿಡಿಯಷ್ಟು. ಮಾರ್ಗಶಿರದ ಚಳಿ, ಆಸ್ಪತ್ರೆಯ ಕಿಟಕಿಗೆ ಮಂಜು. ಕೂಸಿನ ಉಗುರು ನೀಲಿಗಟ್ಟಿತ್ತು. ಅವ್ವ ತನ್ನ ಹಳೆಯ ಸೀರೆಯಲ್ಲಿ ಸುತ್ತಿದಳು, ಬೆಚ್ಚಗಾಗಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತ ಕಮಲಮ್ಮ ಕೂಸಿನ ಅಳು ಕೇಳಿದ ಮೇಲೆಯೇ ಕೊನೆಯ ಸಾಲಿಗೆ ಕೈ ಹಚ್ಚಿದರಂತೆ. ಅವಸರದಲ್ಲಿ ಎರಡು ಕುಣಿಕೆ ಜಾರಿದವಂತೆ. ಒಳಗೆ ಬಂದು ಅವ್ವನ ಮುಖ ನೋಡಿದರು. ಅವ್ವ ಆ ಹಳದಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಹುಟ್ಟಿದ ಮ್ಯಾಲ ಮುಗಿಸೀರಿ ಅಂದ್ರ ನಡೀತೈತಿ, ಹಾಕ್ರಿ" ಎಂದಳು. ವಾರಗಟ್ಟಲೆ ನಾವು ಮೂವರು ಸರದಿಯಲ್ಲಿ ಕೂಸನ್ನು ಎದೆಗವಚಿಕೊಂಡು ಕೂತೆವು. ಉಳಿಯಿತು. ಶಿವನ ದಯೆಯೋ, ಡಾಕ್ಟರ ಔಷಧವೋ, ನನಗೆ ಗೊತ್ತಿಲ್ಲ.

ಈಗ ಮಗಳು ಕಮಲಮ್ಮನ ಅಂಗಳದಲ್ಲಿ ಓಡುತ್ತಾಳೆ, "ಅಜ್ಜೀ, ನಾನು ಬರಲ್ಲ ಹೋಗಿ" ಎಂದು ಬೆಂಗಳೂರಿನವರ ಹಾಗೆ ಮಾತಾಡುತ್ತಾಳೆ. ನಾನು ಶನಿವಾರ ಸಂಘದಲ್ಲಿ ತಲೆ ತಗ್ಗಿಸಿ ಕೂತು ಅತಿಥಿಗಳ ಮಾತು ಕೇಳುತ್ತೇನೆ. ಕಳೆದ ವರ್ಷ ಕಚೇರಿಯಲ್ಲಿ ಕೇಳಿದರು, ಧಾರವಾಡಕ್ಕೆ ವರ್ಗ ಬೇಕೇ ಎಂದು. ಬಂದ ದಿನದಿಂದ ನಾವು ಬೇಡಿಕೊಂಡದ್ದು ಅದನ್ನೇ. ಆದರೆ ಆ ಮಾತು ಕೇಳಿದ್ದೇ ನಾನು ಮಗಳನ್ನು ಹತ್ತಿರ ಎಳೆದುಕೊಂಡೆ. ಅಲ್ಲಿ ಹೋದದ್ದು ಹೋಯಿತು, ಇಲ್ಲಿ ಹುಟ್ಟಿದ್ದು ಉಳಿಯಿತು, ಇದನ್ನು ಎತ್ತಿಕೊಂಡು ಅಲ್ಲಿಗೆ ಹೋಗಲೇ? ಆ ಡಾಕ್ಟರು ಕೇಳಿದ್ದರೆ ಮತ್ತೆ ನಗುತ್ತಿದ್ದರು. ನಗಲಿ. "ಬ್ಯಾಡ, ಇಲ್ಲೇ ಇರೋಣ" ಎಂದೆ. ನಮ್ಮ ಮನೆಯವರು ಕಚೇರಿಗೆ ಹಾಗೆಯೇ ಬರೆದುಕೊಟ್ಟರು.

ಅವ್ವನಿಗೆ ಇದನ್ನು ಹೇಳಲು ಮಗಳನ್ನು ಕಮಲಮ್ಮನ ಬಳಿ ಬಿಟ್ಟು ಊರಿಗೆ ಹೋದೆ. ಅವ್ವ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದಳು. ಬದುವಿನ ಮೇಲೆ, ನನ್ನ ಗಂಡುಕೂಸನ್ನು ಹೂತಲ್ಲಿ, ಹುಲ್ಲು ಕಿತ್ತು ಚೊಕ್ಕಟ ಮಾಡಿದ್ದಳು. ದಿನಾ ಬುತ್ತಿ ತರುವಾಗ ಒಂದು ಚಂಬು ನೀರು ಹಾಕುತ್ತಾಳಂತೆ. ನನಗದು ಗೊತ್ತೇ ಇರಲಿಲ್ಲ. ತಡೆಯಲಾಗದೆ, "ಅವ್ವಾ, ಇದನ್ನ ಒಂದನ್ನ ಬಿಟ್ಟು ಹೋದ್ನಲ್ಲಬೇ ನಾನು" ಎಂದು ಅತ್ತುಬಿಟ್ಟೆ.

ಅವ್ವ ಬೈಯಲಿಲ್ಲ. ಸೆರಗಿನಿಂದ ನನ್ನ ಮುಖ ಒರೆಸಿ ಹೇಳಿದಳು:

"ಅಳಬ್ಯಾಡ. ನೀ ಅದನ್ನ ನೋಡಕೋ ಹೋಗು. ಇದನ್ನ ನಾ ನೋಡಕೋತೀನಿ."