ಗಾಳಿಕೋಟೆಗೆ ಮರಳದ ಹುಡುಗಿ

ನಮ್ಮ ಓದುಗರ ಗ್ರೂಪಿನಲ್ಲಿ ಆ ದಿನ ನನ್ನ ಮಾತಿಗೆ ನಕ್ಕವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಅವರು ನಗದೇ ಇದ್ದಿದ್ದರೆ ನಾನು ಸಾಯುವತನಕ ಆ ಸುಳ್ಳನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಓಡಾಡುತ್ತಿದ್ದೆ.

ಗ್ರೂಪು ಇರುವುದು ಫೋನಿನಲ್ಲಿ. ಹಾನಗಲ್ಲಿನ ಪುಸ್ತಕದಂಗಡಿಯವರೊಬ್ಬರು ಶುರು ಮಾಡಿದ್ದು. ಹಾನಗಲ್ಲು, ಸವಣೂರು, ಶಿಗ್ಗಾಂವಿ, ನಮ್ಮ ಹಿರೇಕೆರೂರು, ಹೀಗೆ ಸುತ್ತಲಿನ ಓದುವ ಹುಚ್ಚಿನವರೆಲ್ಲ ಅಲ್ಲಿದ್ದಾರೆ. ಅಲ್ಲಿನ ಗಲಾಟೆಗೆ ವಿಷಯ ಬಹುತೇಕ ಒಂದೇ: ಗಾಳಿಕೋಟೆಯ ಕತೆಗಳು. ಒಟ್ಟು ಐದು ಪುಸ್ತಕ. ಗಾಳಿಯನ್ನು ಹೆಸರಿಟ್ಟು ಕರೆಯಬಲ್ಲ ಒಬ್ಬ ಹುಡುಗಿ, ಅವಳು ಮದುವೆಯಾಗಿ ಸೇರುವ ಗುಡ್ಡದ ಮೇಲಿನ ಕೋಟೆ, ಆ ಕೋಟೆಗೊಂದು ಮಾತಾಡುವ ಬಾಗಿಲು. ಕೋಟೆ ಬಿಟ್ಟು ಹೋದವರ ಹೆಸರನ್ನು ಆ ಬಾಗಿಲು ಮರೆತುಬಿಡುತ್ತದೆ. ಮೊದಲೆರಡು ಭಾಗ ಬಂದಾಗ ಜನ ತಲೆಯ ಮೇಲೆ ಹೊತ್ತು ಕುಣಿದರು. ಮೂರನೆಯದು ಬಂದಾಗ ‘ಜಾಳಾತು, ಸುಮ್ನ ಎಳದಾರ’ ಎಂದು ಅದೇ ಜನ ದೊಪ್ಪನೆ ಕೆಳಗೆ ಹಾಕಿದರು. ಐದನೆಯದಕ್ಕಂತೂ ಬೈಗುಳವೇ ಬೈಗುಳ. ಆಮೇಲೆ ಆಡಿಯೊ ಬುಕ್ ಬಂತು ನೋಡಿ, ಎಲ್ಲರ ನಾಲಿಗೆಯೂ ಹೊರಳಿತು. ಓದಿದ ಹೆಣ್ಣುಮಗಳ ದನಿ ಹಾಗಿತ್ತು. ಮೂರನೆಯ ಭಾಗವನ್ನು ಹಾಳುಗೆಡವಿದ್ದಾರೆ ಎಂದು ಬರೆದವರೇ ಅದನ್ನು ಕೇಳಿ ಅತ್ತೆವೆಂದು ಬರೆಯತೊಡಗಿದರು.

ಮೂರನೆಯ ಭಾಗದ ಪರವಾಗಿ ಮೊದಲಿನಿಂದಲೂ ಜಗಳ ಆಡುತ್ತಿದ್ದವಳು ನಾನು. ಈಗ ಗೆದ್ದ ಹುಮ್ಮಸ್ಸಿನಲ್ಲಿ ಮೊದಲ ಸಲ ಬಿಡಿಸಿ ಬರೆದೆ: ‘ಈಗರೆ ಬುದ್ಧಿ ಬಂತಲ್ಲ ನಿಮಗ. ಹುಡುಗಿ ಕೋಟೆಗೆ ಮರಳಿ ಬಂದು ನಿಲ್ಲುತ್ತಾಳಲ್ಲ, ಬಾಗಿಲು ಅವಳ ಹೆಸರು ಹಿಡಿದು ಕರೆಯುತ್ತದಲ್ಲ, ಅದಕ್ಕಿಂತ ಚೆಂದದ ಜಾಗ ಎಲ್ಲಿದೆ?’

ನಗುವ ಮುಖಗಳು ಸಾಲಾಗಿ ಬಂದವು. ಸವಣೂರಿನ ಒಬ್ಬರು ಕೇಳಿದರು, ‘ಮೇಡಂ, ನೀವು ಯಾವ ಪುಸ್ತಕ ಓದೀರಿ?’ ಇನ್ನೊಬ್ಬರು ಬರೆದರು, ‘ಆಕಿ ವಾಪಸ್ ಬರೂದ ಇಲ್ಲಲ್ರಿ.’

ನಾನು ನಾಲ್ಕನೆಯ, ಐದನೆಯ ಭಾಗ ಓದಿರಲಿಲ್ಲ. ಅವಳು ಮರಳಿ ಕೋಟೆ ಸೇರಿದಾಗಲೇ ನನ್ನ ಪಾಲಿಗೆ ಆ ಕತೆ ಮುಗಿದು ಮಂಗಲವಾಗಿತ್ತು. ಮೂರನೆಯದನ್ನೂ ನಾನು ಕಣ್ಣಿನಿಂದ ಓದಿದವಳಲ್ಲ. ನನ್ನ ಅಕ್ಕ ಓದಿದ್ದಳು, ನಾನು ಕೇಳಿದ್ದೆ. ಹಾಗಾಗಿ ಮರುದಿನ ಬೆಳಿಗ್ಗೆ ಮಾಳಿಗೆಯ ಮೇಲೆ ಗೋವಿನಜೋಳ ಹರವಿ, ಪಕ್ಕದಲ್ಲಿ ಫೋನಿಟ್ಟು, ಮೂರನೆಯ ಭಾಗದ ಕಡೆಯ ಅಧ್ಯಾಯ ಹಚ್ಚಿದೆ.

ಹುಡುಗಿ ಕೋಟೆ ಬಿಟ್ಟು ಹಕ್ಕಿ ಸಾಕುವವರ ಕಣಿವೆಯಲ್ಲಿದ್ದಾಳೆ. ಹಗ್ಗ ಹೊಸೆಯುತ್ತ ಕುಳಿತಿದ್ದಾಳೆ. ಯಾರೋ ಏನೋ ಅಂದದ್ದಕ್ಕೆ ಜೋರಾಗಿ ನಗುತ್ತಾಳೆ, ನಕ್ಕ ಮೇಲೆ ಹೊಳೆಯುತ್ತದೆ, ಇವತ್ತು ಬೆಳಗಿನಿಂದ ಕೋಟೆಯ ನೆನಪೇ ಆಗಿಲ್ಲವೆಂದು. ಅತ್ತ ಗುಡ್ಡದ ಮೇಲೆ ಬಾಗಿಲು ತಾನಾಗಿ ತೆರೆದುಕೊಂಡು ಅವಳ ಹೆಸರು ಕರೆಯುತ್ತದೆ. ಅವಳಿಗೆ ಕೇಳಿಸುವುದಿಲ್ಲ. ಅಷ್ಟೇ. ಮೂರನೆಯ ಭಾಗ ಮುಗಿಯಿತು ಎಂದು ಆ ದನಿ ಹೇಳಿತು. ಕಾಳಿನ ಮೇಲೆಯೇ ಕುಳಿತುಬಿಟ್ಟೆ. ತಿರುಗಿ ಹಚ್ಚಿ ಕೇಳಿದೆ. ಬಿಸಿಲು ಏರಿತು, ಕಾಳು ತಿರುವಿ ಹಾಕುವುದು ಮರೆತೇಹೋಯಿತು.

ಅಕ್ಕ ನನಗೆ ಓದಿ ಹೇಳಿದ ಕತೆಯೇ ಬೇರೆ ಇತ್ತು.

ನನ್ನ ತವರು ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿ. ಅಕ್ಕನನ್ನು ಅದೇ ಊರಿನಲ್ಲಿ ಸೋದರಮಾವನಿಗೆ ಕೊಟ್ಟಿದ್ದರು. ಅವಳ ಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಕೂಡಿ ಮಾರಾಟಕ್ಕೆ ಜೋಳದ ರೊಟ್ಟಿ ಬಡಿಯುತ್ತಾರೆ. ನಮ್ಮಪ್ಪ ಊರ ಮಠದಲ್ಲಿ ಶ್ರಾವಣದ ಪುರಾಣ ಓದುತ್ತಿದ್ದವರು. ಅವರು ತೀರಿಕೊಂಡ ಮೇಲೆ ಅವ್ವ ಅಕ್ಕನ ಮನೆಗೇ ಬಂದಳು, ಓದುವ ಚಟ ಅಕ್ಕನಿಗೆ ಬಂತು. ರೊಟ್ಟಿ ಬಡಿಯುವ ಸಪ್ಪಳದ ಮೇಲೆ ಹಾಯುವಂಥ ದನಿ ಅವಳದು. ಹಾನಗಲ್ಲಿನಿಂದ ಎರವಲು ತಂದ ಗಾಳಿಕೋಟೆಯ ಮೊದಲ ಪುಸ್ತಕವನ್ನು ಅವಳು ತೆರೆದಾಗ, ಹಿಟ್ಟು ನಾದುತ್ತಿದ್ದ ಹಿರಿಯಜ್ಜಿಯೊಬ್ಬಳು ಮೂಗು ಮುರಿದಿದ್ದಳು.

“ಗಾಳ್ಯಾಗ ಹಾರೂ ಮಂದಿ ಕತಿ ತಗೊಂಡು ಏನ್ಮಾಡೂದೈತಿ? ಶರಣರ ಕತಿ ಓದವಾ.”

ವಾರ ಕಳೆಯುವುದರೊಳಗೆ ಅದೇ ಅಜ್ಜಿ ಎಲ್ಲರಿಗಿಂತ ಮೊದಲು ಬಂದು, “ಲಗೂನ ಒಲಿ ಹಚ್ರಿ, ಆ ಹುಡಿಗಿ ಏನಾದ್ಲೋ ಏನೋ” ಎನ್ನತೊಡಗಿದಳು.

ನಮ್ಮವರು ಅದನ್ನು ಕಾದಂಬರಿಯ ಹಾಗೆ ಕೇಳಲಿಲ್ಲ, ಪುರಾಣದ ಹಾಗೆ ಕೇಳಿದರು. ಪುರಾಣದಲ್ಲಿ ಶರಣರು ಹುಟ್ಟಿದ ದಿನ ಮಠದಲ್ಲಿ ತೊಟ್ಟಿಲು ಕಟ್ಟುತ್ತಾರೆ, ಮದುವೆ ಬಂದ ದಿನ ಅಕ್ಕಿಕಾಳು ಹಾಕಿ ಹುಗ್ಗಿ ಉಣ್ಣುತ್ತಾರೆ. ಹುಡುಗಿಗೆ ಕೋಟೆಯಲ್ಲಿ ಮದುವೆಯಾಯಿತೆಂದು ಓದಿದ ಮರುದಿನ ಪಡಸಾಲೆಯಲ್ಲಿ ಗೋಧಿ ಹುಗ್ಗಿ ಆಯಿತು. ಕತೆಯಲ್ಲಿ ಅವಳ ನಾದಿನಿಗೆ ಗಂಡು ಹುಟ್ಟಿದ ದಿನ ಹೆಂಗಸರು ಅತ್ತಿತ್ತ ಓಡಾಡಿ, ಯಾರದೋ ಮನೆಯ ಅರೆಯುವ ಗುಂಡಕಲ್ಲು ತಂದು, ಅದಕ್ಕೆ ಕೂಸಿನ ಕುಂಚಿಗೆ ತೊಡಿಸಿ, ಜೋಳ ಕೇರುವ ಮೊರವನ್ನೇ ತೊಟ್ಟಿಲು ಮಾಡಿ ತೂಗಿದರು. ಅಪ್ಪನ ಕಾಲದ ಕಟ್ಟಳೆಗಳೂ ಹಾಗೇ ನಡೆದವು. ಓದುವವರನ್ನು ಬಿಟ್ಟು ಪುಸ್ತಕವನ್ನು ಬೇರೆ ಯಾರೂ ಮುಟ್ಟಬಾರದು, ಓದುವವರಿಗಿಂತ ಯಾರೂ ಮುಂದೆ ಹೋಗಬಾರದು, ಅಶುಭದ ಜಾಗದಲ್ಲಿ ಪುಸ್ತಕ ಮುಚ್ಚಬಾರದು. ಬಿ.ಎ. ಓದಿದ ನಾನೂ ಕೈ ಕಟ್ಟಿ ಕುಳಿತು ಕೇಳುತ್ತಿದ್ದೆ. ಅದರ ರುಚಿಯೇ ಬೇರೆ ಇತ್ತು.

ಆಗ ನಾನು ಹಿರೇಕೆರೂರಿನ ಗಂಡನ ಮನೆ ಬಿಟ್ಟು ತವರಿಗೆ ಬಂದಿದ್ದೆ. ಮದುವೆಯಾಗಿ ಬಹಳ ದಿನವಾಗಿರಲಿಲ್ಲ. ಹೊಡೆತವಿಲ್ಲ, ಬೈಗುಳವಿಲ್ಲ. ಆ ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ಉಂಡೆಯಾ ಎಂದೂ. ಶಾಲೆಯಲ್ಲಿ ಕಲಿಸಲು ಹೋಗುತ್ತೇನೆ ಅಂದಾಗ ಮಾತ್ರ ಬೇಡವೆನ್ನಲು ಎಲ್ಲರಿಗೂ ಒಮ್ಮೆಲೇ ಬಾಯಿ ಬಂತು. ಸವಣೂರಿನಲ್ಲಿ ನನ್ನ ಕಾಲೇಜಿನ ಗೆಳತಿ ಒಂದು ಖಾಸಗಿ ಶಾಲೆಯಲ್ಲಿದ್ದಳು. ಶಾಲೆ ತೆರೆದಾಗ ಅಲ್ಲಿ ನನಗೂ ಒಂದು ಜಾಗ ಎಂದು ಮಾತಾಗಿತ್ತು. ದೊಡ್ಡಹುಣಸೆ ಮರಗಳಿಗೆ ಹೋಗುವ ದಾರಿಯಲ್ಲಿ ಇಬ್ಬರಿಗೂ ಸೇರಿ ಒಂದು ಖೋಲಿಯನ್ನೂ ನೋಡಿಟ್ಟಿದ್ದಳು. ನಾನು ಹೂಂ ಅಂದಿದ್ದೆ. ಹಿರೇಕೆರೂರಿಗೆ ಇನ್ನು ಹೋಗುವುದಿಲ್ಲ ಎಂಬುದನ್ನು ಇಡೀ ಜಗತ್ತಿನಲ್ಲಿ ಒಬ್ಬಳಿಗೇ ಹೇಳಿದ್ದೆ. ಅಕ್ಕನಿಗೆ.

“ನಿನ್ನ ಮನಸಿಗೆ ಬಂದಂಗ ಮಾಡವಾ” ಅಂದಿದ್ದಳು. ನನ್ನ ತಲೆ ಬಾಚುತ್ತ ಅಂದಿದ್ದಳು.

ಅದೇ ವಾರ ಮೂರನೆಯ ಪುಸ್ತಕದ ಹುಡುಗಿ ಕೋಟೆ ಬಿಟ್ಟಳು. ಪಡಸಾಲೆಯಲ್ಲಿ ಎರಡು ಪಂಗಡವಾದವು. “ಹೋಗ್ಲಿ ಬಿಡ್ರಿ, ಚಲೋ ಮಾಡಿದ್ಲು” ಎಂದು ಒಲೆಯ ಹತ್ತಿರದ ಒಬ್ಬಳು ಅಂದರೆ, “ಕೊಟ್ಟ ಹೆಣ್ಣು ಕುಲಕ್ಕ ಹೊರಗ, ಎಲ್ಲಿಗೆ ಹೋಗ್ತಾಳ?” ಎಂದು ಹಿರಿಯಜ್ಜಿ. ನಾನು ಒಂದಕ್ಷರ ಬಿಡದೆ ಕೇಳುತ್ತಿದ್ದೆ. ಅವಳು ಹೋದರೆ ನಾನೂ ಹೋದೇನು ಎಂದು ಎಲ್ಲೋ ಒಳಗೆ ಗಂಟು ಹಾಕಿಕೊಂಡಿದ್ದೆ. ಮೂರ್ಖತನ ಅನ್ನಿ. ಆ ಪಡಸಾಲೆಯಲ್ಲಿ ಯಾರಿಗೂ ಅದು ಮೂರ್ಖತನ ಅನ್ನಿಸುತ್ತಿರಲಿಲ್ಲ.

ಕಡೆಯ ದಿನ ಅಕ್ಕ ಓದಿದಳು: ಹುಡುಗಿ ಗುಡ್ಡ ಹತ್ತಿ ಬರುತ್ತಾಳೆ. ಕಾಲು ಸೋತಿವೆ. ಬಾಗಿಲು ತನ್ನನ್ನು ಮರೆತಿರುತ್ತದೆ ಎಂದು ತಲೆ ತಗ್ಗಿಸಿ ನಿಲ್ಲುತ್ತಾಳೆ. ಆಗ ಬಾಗಿಲು ಅವಳ ಹೆಸರು ಹಿಡಿದು, ‘ಯಾಕ ತಡಾತು, ಒಳಗ ಬಾ’ ಎನ್ನುತ್ತದೆ. ರೊಟ್ಟಿ ಬಡಿಯುವ ಸಪ್ಪಳ ಪೂರಾ ನಿಂತಿತ್ತು. ಹೆಂಗಸರು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡರು. ನಾನು ಬಿಕ್ಕಿದೆ.

ಆಗ ಒಳಗಿನಿಂದ ಅವ್ವ ತಾಟು ಹಿಡಿದು ಬಂದಳು. “ಮನಿಗೆ ಹೊಂಟ ಮಗಳಿಗೆ ಉಡಿ ತುಂಬಬೇಕಲ್ಲವಾ.”

“ಆಕಿ ಎಲ್ಲೆದಾಳ, ತುಂಬಾಕ?” ಯಾರೋ ನಕ್ಕರು.

“ಇಲ್ಲೇ ಅದಾಳಲ್ಲ, ತವರಿಗೆ ಬಂದಾಕಿ” ಎಂದು ಅಕ್ಕ ನನ್ನ ಭುಜ ಹಿಡಿದು ಮಣೆಯ ಮೇಲೆ ಕೂರಿಸಿದಳು.

ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಬೇರು, ಎಲೆ ಅಡಿಕೆ, ಹಸಿರು ಖಣ ಎಲ್ಲವೂ ನನ್ನ ಸೆರಗಿಗೆ ಬಿದ್ದವು. ಹೆಂಗಸರು ಹಾಡು ಹೇಳಿದರು. ಉಡಿ ತುಂಬಿಸಿಕೊಂಡ ಮಗಳು ತವರಿನಲ್ಲಿ ಉಳಿಯಬಾರದು, ಅದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಅಂದೇ ಮಧ್ಯಾಹ್ನದ ಬಸ್ಸಿಗೆ ಹೊರಟೆ. ಯಾರೂ ನನ್ನನ್ನು ದೂಡಲಿಲ್ಲ. ನಾನೇ ಹೋದೆ, ಕಣ್ಣೀರು ಒರೆಸಿಕೊಂಡು, ಹುಡುಗಿಯ ಹಾಗೆ ಧೈರ್ಯ ಮಾಡಿ. ಸವಣೂರಿನ ಗೆಳತಿಗೆ ಬರುವುದಿಲ್ಲವೆಂದು ಬಸ್ಸಿನಿಂದಲೇ ಫೋನು ಮಾಡಿದೆ.

ಹಿರೇಕೆರೂರಿನ ಬಾಗಿಲು ನನ್ನ ಹೆಸರು ಕರೆಯಲಿಲ್ಲ. ಅತ್ತೆ “ಬಂದಿ ಏನು?” ಅಂದು ಒಳಗೆ ಹೋದರು.

ಆಮೇಲಿನ ನನ್ನ ಬಾಳು ಕೆಟ್ಟಿತೆಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮ ಯಜಮಾನರು ಸೌಮ್ಯ ಸ್ವಭಾವದವರು. ಹತ್ತಿ, ಗೋವಿನಜೋಳದ ವ್ಯಾಪಾರ ನಡೆದಿದೆ, ಮಕ್ಕಳು ಶಾಲೆಗೆ ಹೋಗುತ್ತಿವೆ, ಅತ್ತೆಯೂ ಈಗ ಉಂಡೆಯಾ ಎಂದು ಕೇಳುತ್ತಾರೆ. ಎಷ್ಟೋ ಬೇಸರದ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಮಾತು: ಇಲ್ಲಿಗೆ ನಾನು ಆರಿಸಿಕೊಂಡು ಬಂದೆ. ಮಾಳಿಗೆಯ ಮೇಲೆ ಕುಳಿತು ಆ ಆಡಿಯೊ ಕೇಳಿದ ದಿನ ಹೋದದ್ದು ಆ ಮಾತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಅದಕ್ಕಿಂತ ಕೆಟ್ಟದ್ದು ಆಮೇಲೆ ನೆನಪಾಯಿತು. ಹುಗ್ಗಿಗೆ ಗೋಧಿ ನೆನೆಹಾಕಿದ್ದು ಮದುವೆಯ ಕತೆ ಓದಿಯಾದ ಮೇಲೆ. ತೊಟ್ಟಿಲಿಗೆ ಗುಂಡಕಲ್ಲು ಹುಡುಕಿದ್ದೂ ಕೂಸು ಹುಟ್ಟಿದ ಮೇಲೆ. ಮುಂದೇನು ಬರುತ್ತದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲವಲ್ಲ. ಉಡಿಯ ತಾಟು ಮಾತ್ರ ಆ ದಿನ ಸಜ್ಜಾಗಿಯೇ ಇತ್ತು. ಖಣದ ಮಡಿಕೆ ಇನ್ನೂ ಬಿಚ್ಚಿರಲಿಲ್ಲ, ಅದನ್ನು ಮುಂಚೆಯೇ ಪೇಟೆಯಿಂದ ತಂದಿಟ್ಟಿದ್ದರು. ಹುಡುಗಿ ಮರಳುತ್ತಾಳೆಂದು ಅವ್ವನಿಗೆ ಮೊದಲೇ ಗೊತ್ತಿತ್ತು. ಪುಸ್ತಕದಲ್ಲಿ ಅವಳು ಮರಳುವುದೇ ಇಲ್ಲ.

ಅವ್ವ ಈಗಿಲ್ಲ. ಅಕ್ಕ ಇದ್ದಾಳೆ. ಹಾವೇರಿಯಲ್ಲಿ ಬಸ್ಸು ಬದಲಿಸಿ, ಶಿಗ್ಗಾಂವಿಯಲ್ಲಿ ಇಳಿದು, ಹೇಳದೆ ಕೇಳದೆ ತವರಿಗೆ ಹೋದೆ. ಪಡಸಾಲೆಯಲ್ಲಿ ಅದೇ ಒಲೆ, ಅದೇ ಹೆಂಗಸರು, ಎಲ್ಲರ ತಲೆಯಲ್ಲೂ ನರೆ. “ಬಾರವಾ, ಅಪರೂಪಕ್ಕ ಬಂದಿ” ಎಂದರು. ನಾನು ಹಿಟ್ಟಿನ ಡಬ್ಬಿಯ ಮೇಲೆ ಫೋನಿಟ್ಟೆ.

“ನಮ್ಮ ಗಾಳಿಕೋಟಿ ಕತಿ. ಈಗ ಫೋನಿನ್ಯಾಗ ಓದ್ಯಾರ, ಕೇಳ್ರಿ.”

ಹುರುಪಿನಿಂದ ಕೇಳತೊಡಗಿದರು. “ಬೆಣ್ಣಿ ಸವರಿದಂಗ ಓದ್ತಾಳಲ್ಲ!” ಎಂದು ಹೊಗಳಿದರು. ಹುಡುಗಿ ನಕ್ಕಳು, ಬಾಗಿಲು ಕರೆಯಿತು, ಅವಳಿಗೆ ಕೇಳಿಸಲಿಲ್ಲ. ರೊಟ್ಟಿ ಬಡಿಯುವ ಕೈಗಳು ನಿಂತವು.

“ತಪ್ಪ ಓದ್ಯಾರ” ಅಂದಳು ಹಿರಿಯಜ್ಜಿ. “ಬೆಂಗಳೂರಾಕಿಗೆ ಏನ ಗೊತ್ತು? ನಮ್ಮಾಕಿ ಓದಿದ್ದ ಖರೆ.”

“ಚಲೋನ ಆತಲ್ಲ” ಎಂದಳು ಒಲೆಯ ಹತ್ತಿರದವಳು. “ನಾ ಅವತ್ತ ಅಂದಿದ್ನಿ, ಹೋಗ್ಲಿ ಅಂತ.” ಆಮೇಲೆ ಅವಳೇ ತಡೆದು, ನನ್ನ ಕಡೆ ನೋಡಿ, ಮೆಲ್ಲಗೆ ಕೇಳಿದಳು, “ಹಂಗಾರ ಅವತ್ತ ನಾವು ಉಡಿ ತುಂಬಿದ್ದು ಯಾರಿಗೆ?”

ಅಕ್ಕ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಳು. ಅವಳು ತಲೆ ಎತ್ತಲಿಲ್ಲ.

“ಅಕ್ಕಾ, ಪುಸ್ತಕದಾಗ ಹಿಂಗ ಇತ್ತೇನು?”

“ಇತ್ತು.”

“ಮತ್ತ ಯಾಕ ಹಂಗ ಓದಿದಿ?”

“ಅಶುಭದಾಗ ಪುಸ್ತಕ ಮುಚ್ಚಬಾರದು ಅಂತ ಅಪ್ಪ ಹೇಳ್ತಿದ್ದಿಲ್ಲೇನು?”

“ಅಶುಭ ಎಲ್ಲೈತಿ ಅದರಾಗ? ಆಕಿ ಸುಖದಿಂದ ಇದ್ಳು.”

ಅಕ್ಕ ರೊಟ್ಟಿ ತಿರುವಿ ಹಾಕಿದಳು. “ಸುಖದಿಂದ ಇದ್ಳಂತನ ಓದಲಿಲ್ಲ” ಅಂದಳು. “ಸತ್ತಿದ್ರ ಓದ್ತಿದ್ನಿ.”

ಕ್ಷಮಿಸು ಅಂದಿದ್ದರೆ, ಅವ್ವ ಅತ್ತಳು, ಅವಳ ಸಲುವಾಗಿ ಮಾಡಿದೆ ಅಂದಿದ್ದರೆ, ನಾನು ಅಲ್ಲೇ ಕುಳಿತು ಅತ್ತು ಹಗುರಾಗುತ್ತಿದ್ದೆನೋ ಏನೋ. ಅವಳಿಗೆ ಗೊತ್ತಿತ್ತು. ನಾನು ಸುಖದಿಂದ ಇರಬಹುದು ಎಂಬುದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೇ ಆ ಹಾಳೆಯನ್ನು ನುಂಗಿದಳು. ತಲೆ ಬಾಚಿದ ಅದೇ ಕೈಯಲ್ಲಿ ಹಾಳೆ ತಿರುವಿದಳು. ಫೋನು ಎತ್ತಿಕೊಂಡು ಎದ್ದೆ.

“ಹೊಂಟಿ ಏನು? ತಡಿ, ಉಡಿ ತುಂಬತೇನಿ.” ಅಕ್ಕ ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ಕೊಬ್ಬರಿ ತಂದಳು. ತವರಿನಿಂದ ಹೊರಟವಳನ್ನು ಬರಿ ಉಡಿಯಲ್ಲಿ ಕಳಿಸುವುದು ನಮ್ಮಲ್ಲಿಲ್ಲ. ಉಡಿ ಬೇಡವೆಂದ ಮಗಳನ್ನೂ ಆ ಪಡಸಾಲೆ ಕಂಡಿರಲಿಲ್ಲ. ಅವಳು ಬೊಗಸೆಯಲ್ಲಿ ಅಕ್ಕಿ ಹಿಡಿದು ಕಾದಳು. ನಾನು ಸೆರಗು ಒಡ್ಡಲಿಲ್ಲ. ಅದನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು ಹೊಸ್ತಿಲು ದಾಟಿದೆ.

ಬಾಗಿಲಲ್ಲಿ ನಿಂತು ಅಕ್ಕ ನನ್ನ ಹೆಸರು ಹಿಡಿದು ಕರೆದಳು. ನನಗೆ ಕೇಳಿಸಿತು. ತಿರುಗಿ ನೋಡಲಿಲ್ಲ.