ರೆಕ್ಕೆಯ ಮೇಲೆ ನಿಂತ ನೀರು

ಬಣ್ಣ ಬೀಳುವ ಮುಂಚೆ ಅವ್ವ ಆ ವಿಮಾನವನ್ನೊಮ್ಮೆ ಮುಟ್ಟಬೇಕು ಎಂದು ನನಗಿತ್ತು. ಬಣ್ಣ ಒಣಗಿದ ಮೇಲೆ ಯಾರು ಬೇಕಾದರೂ ಮುಟ್ಟಬಹುದು. ಆದರೆ ಆಗ ಕೈಗೆ ಸಿಗುವುದು ಬಣ್ಣ. ನಾನು ಒಂದೊಂದೇ ರಿವೆಟ್ ಹೊಡೆದು ಕೂಡಿಸಿದ ಅಲ್ಯೂಮಿನಿಯಂ ಅಲ್ಲ.

ವಿಮಾನ ನನ್ನದಲ್ಲ. ವಾಯುಸೇನೆಯಲ್ಲಿ ದುಡಿದು, ನಿವೃತ್ತರಾಗಿ ಗೊಬ್ಬೂರಿನ ತಮ್ಮ ಹೊಲಕ್ಕೆ ಮರಳಿದವರೊಬ್ಬರದು. ನಾನು ಅವರನ್ನು ಸರ್ ಎನ್ನುತ್ತೇನೆ. ತೊಗರಿ ತುಂಬುತ್ತಿದ್ದ ತಗಡಿನ ಗೋದಾಮಿನಲ್ಲಿ, ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗಗಳನ್ನು ಜೋಡಿಸಿ ಅವರು ಇಬ್ಬರು ಕೂರುವ ವಿಮಾನ ಕಟ್ಟುತ್ತಿದ್ದರು. ನಾನು ಜೇವರ್ಗಿಯಲ್ಲಿ ಐಟಿಐ ಹುಡುಗರಿಗೆ ಪಾಠ ಹೇಳುವವಳು. ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಹೋಗಿ ಕೈಜೋಡಿಸುತ್ತಿದ್ದೆ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಆಳಂದದ ಹಾಸ್ಟೆಲಿನಲ್ಲಿದ್ದು, ಬೇರೆಯವರ ಪುಸ್ತಕ ಬೇಡಿ ಓದಿ, ಎರಡು ಸಲ ನಪಾಸಾಗಿ, ಇಂಜಿನಿಯರಿಂಗ್ ಮುಗಿಸಿದೆ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಸಂಕೋಚಪಟ್ಟು ನಿಂತವರ ಕೈಗೆ ರಿವೆಟ್ ಗನ್ ಯಾರೂ ಕೊಡುವುದಿಲ್ಲ.

ಬಣ್ಣವೆಂದರೆ ಹೊಡೆದರೆ ಮುಗಿಯಿತು ಎಂದುಕೊಂಡಿದ್ದೆ. ಸರ್ ನಕ್ಕರು. ಅಲ್ಯೂಮಿನಿಯಂ ಬಣ್ಣವನ್ನು ಸುಲಭಕ್ಕೆ ಹಿಡಿದುಕೊಳ್ಳುವುದಿಲ್ಲ. ಪಾತ್ರೆ ತಿಕ್ಕುವ ಜುಂಗಿನಂಥದ್ದರಿಂದ ಹೊಳಪೆಲ್ಲ ಹೋಗುವವರೆಗೆ ಉಜ್ಜಬೇಕು, ಸೋಪಿನಿಂದ ತೊಳೆಯಬೇಕು, ಆಮೇಲೆ ನೀರು ಬೆರೆಸಿದ ಆಸಿಡ್, ಆಮೇಲೆ ಮತ್ತೆ ನೀರು. ಎಲ್ಲೋ ಒಂದು ಮೂಲೆಯಲ್ಲಿ ಜಿಡ್ಡು ಉಳಿದರೂ ಮೇಲೆ ಹಾರುವಾಗ ಗಾಳಿ ಅಲ್ಲಿಂದಲೇ ಬಣ್ಣ ಸುಲಿಯತೊಡಗುತ್ತದೆ.

ಜಿಡ್ಡು ಹೋಯಿತೆಂದು ತಿಳಿಯುವುದು ಹೇಗೆ ಎಂದು ಕೇಳಿದೆ. ಸರ್ ಸ್ಟ್ಯಾಂಡಿನ ಮೇಲೆ ಮಲಗಿಸಿದ್ದ ಬಲ ರೆಕ್ಕೆಯ ಮೇಲೆ ಪೈಪಿನಿಂದ ಸಣ್ಣಗೆ ನೀರು ಬಿಟ್ಟರು. ನೀರು ಹಾಳೆಯ ಹಾಗೆ ಹರಡಿತು. ಒಂದು ಕಡೆ ಮಾತ್ರ ಥಟ್ಟನೆ ಒಡೆದು, ಐದು ಚುಕ್ಕೆಗಳಲ್ಲಿ ಹಿಂದೆ ಸರಿಯಿತು. ನನ್ನದೇ ಬೆರಳುಗಳು. ಯಾವಾಗ ಊರಿದ್ದೆನೋ ನೆನಪಿಲ್ಲ, ಬೆರಳಿನ ಜಿಡ್ಡನ್ನು ನೀರು ತೋರಿಸಿಕೊಟ್ಟಿತು. ಮತ್ತೆ ಉಜ್ಜಿದೆವು. ಸಂಜೆಯ ಹೊತ್ತಿಗೆ ನೀರು ಎಲ್ಲೂ ಮುರಿಯದೆ ರೆಕ್ಕೆಯ ಈ ತುದಿಯಿಂದ ಆ ತುದಿಗೆ ಒಂದೇ ಪೊರೆಯಾಗಿ ನಿಂತಿತು. ತಗಡಿನ ಮಾಡು, ಬಾಗಿಲಾಚೆಯ ಹೊಲ, ನಮ್ಮಿಬ್ಬರ ಮುಖ, ಎಲ್ಲ ಅದರೊಳಗೆ. ಉಸಿರು ಬಿಡಲೂ ಅಂಜಿಕೆಯಾಯಿತು.

ಅಂದಿನಿಂದ ಬರಿಗೈಯಲ್ಲಿ ಯಾರೂ ಮುಟ್ಟುವಂತಿಲ್ಲ ಎಂದಾಯಿತು. ವಿಮಾನ ನೋಡಲು ದಿನಾ ಜನ ಬರುತ್ತಿದ್ದರು. ಒಂದು ದಿನ ಪಕ್ಕದ ಹೊಲದ ಗೌಡರು ಬಂದು ನೇರ ರೆಕ್ಕೆಗೆ ಕೈ ಚಾಚಿದರು. ಸರ್ ಹೊರಗಿದ್ದರು.

"ಮುಟ್ಟಬ್ಯಾಡ್ರಿ ಗೌಡ್ರ," ಎಂದೆ.

ನಮ್ಮ ಓಣಿಯ ಜನ ಹುಟ್ಟಿದಾಗಿನಿಂದ ಕೇಳಿಸಿಕೊಂಡ ಮಾತು ಅದು. ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಗೌಡರು ಕೈ ಹಿಂದೆಳೆದು ಬೆನ್ನಿಗೆ ಕಟ್ಟಿಕೊಂಡು, ಯಾಕೆ ಎಂದು ಕೇಳಿದರು. ಜಿಡ್ಡಿನ ವಿಷಯ ಹೇಳಿದೆ. ತಲೆಯಾಡಿಸಿದರು. ಆಮೇಲೆ ಬಂದಾಗಲೆಲ್ಲ ಕೈ ಬೆನ್ನಿಗೆ ಕಟ್ಟಿಕೊಂಡೇ ನಿಲ್ಲುತ್ತಿದ್ದರು.

ಅವ್ವ ನೆಲೋಗಿಯಿಂದ ಬಂದದ್ದು ಬಣ್ಣದ ಕೆಳಪದರವಾದ ಪ್ರೈಮರ್ ಹೊಡೆಯುವ ಹಿಂದಿನ ದಿನ, ಬುತ್ತಿ ಕಟ್ಟಿಕೊಂಡು. ಅವಳು ದೊಡ್ಡವರ ಹೊಲಗಳಲ್ಲಿ ಕಳೆ ತೆಗೆದವಳು. ನೀರಡಿಸಿದರೆ ಕೊಡ ಮುಟ್ಟದೆ ಬೊಗಸೆ ಒಡ್ಡಿದವಳು. ಯಾರೂ ಹೇಳದಿದ್ದರೂ ಗೋದಾಮಿನ ಬಾಗಿಲಲ್ಲೇ ನಿಂತು, ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು. ಒಳಗೆ ಬಾ ಎಂದರೆ ಇಲ್ಲೇ ಛಲೋ ಕಾಣುತ್ತದೆ ಎಂದಳು.

ನಾನು ಸರ್ ಕಡೆ ನೋಡಿದೆ. ರೆಕ್ಕೆ ಆಗಲೇ ತೊಳೆದು ಸಿದ್ಧವಾಗಿತ್ತು. ಅವ್ವ ಬರಿಗೈಯಲ್ಲಿ ಮುಟ್ಟಿದರೆ ಇಡೀ ದಿನದ ಕೆಲಸ ಮತ್ತೆ ಮೊದಲಿನಿಂದ. ಅಳತೆಯಲ್ಲಿ ಕೂದಲೆಳೆಯನ್ನೂ ಬಿಡದ ಮನುಷ್ಯ ಅವರು. ಆದರೂ ಕೇಳಿದೆ. ಅವರು ರೆಕ್ಕೆಯನ್ನೊಮ್ಮೆ ನೋಡಿದರು. ಆಮೇಲೆ ಬಾಗಿಲ ಕಡೆ ತಿರುಗಿ, "ಬರ್ರೀ ಅಕ್ಕಾರ. ತೊಳಿಯೋದು ಇದ್ದದ್ದ ಅದ, ಇನ್ನೊಮ್ಮಿ ತೊಳಿತೇವಿ," ಎಂದರು.

"ಬ್ಯಾಡ್ರೀ ಸಾಹೇಬ್ರ, ನಿಮ್ಮ ಕೆಲಸ ಕೆಡ್ತದ," ಎಂದಳು ಅವ್ವ.

ನಾನು ಹೋಗಿ ಅವಳ ಮುಂಗೈ ಹಿಡಿದು ಕರೆತಂದೆ. ಬೆಳಿಗ್ಗೆ ಬುತ್ತಿಯ ಚಟ್ನಿಗೆಂದು ಶೇಂಗಾ ಹಿಂಡಿ ಎಣ್ಣೆಯಲ್ಲಿ ಕಲಸಿದ ಕೈ, ಎಣ್ಣೆಯ ವಾಸನೆ ಇನ್ನೂ ಇತ್ತು. ಅವಳು ಮೊದಲು ಒಂದೇ ಬೆರಳು ಇಟ್ಟಳು. ಆಮೇಲೆ ಮೆಲ್ಲಗೆ ಇಡೀ ಅಂಗೈ ಊರಿ, ಮಲಗಿದ ಕೂಸಿನ ಬೆನ್ನ ಮೇಲೆ ಇಟ್ಟ ಹಾಗೆ, ಹಾಗೇ ನಿಂತಳು. ಇಷ್ಟು ತಣ್ಣಗಿರುತ್ತದೆಂದು ಗೊತ್ತಿರಲಿಲ್ಲ ಎಂದಳು.

ಅವಳು ಕೈ ತೆಗೆದ ಮೇಲೆ ಸರ್ ನೀರು ಬಿಟ್ಟರು. ಹಾಳೆ ಹರಡುತ್ತ ಬಂದು, ಅವಳ ಕೈ ಇದ್ದಲ್ಲಿ ಒಡೆಯಿತು. ನೀರಿನ ನಡುವೆ ಒಂದು ಒಣ ಕೈ ಮೂಡಿತು. ಕುಡುಗೋಲಿನಿಂದ ಸೊಟ್ಟಗಾದ ತೋರುಬೆರಳು ಸಹಿತ ಇಡೀ ಅಂಗೈ. ಬೇರೆಲ್ಲ ಕಡೆ ನೀರಿನಲ್ಲಿ ಬಾಗಿಲಾಚೆಯ ಆಕಾಶ ಕಾಣುತ್ತಿತ್ತು, ಅಲ್ಲಿ ಮಾತ್ರ ಅವ್ವನ ಕೈ. ಮೂವರೂ ಬಗ್ಗಿ ನೋಡಿದೆವು. ಅಷ್ಟು ವರ್ಷ ಓದಿದ್ದರಲ್ಲಿ ಇಂಥದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ.

"ನನ್ನ ಕೈ ಇಷ್ಟ್ ದೊಡ್ಡದೇನ ಬೇ?" ಎಂದಳು ಅವ್ವ.

ಅದನ್ನು ಉಜ್ಜಲು ನನಗೆ ಮನಸ್ಸಾಗಲಿಲ್ಲ. ಅವ್ವನೇ ಸೆರಗು ಸಿಕ್ಕಿಸಿ, ಸರ್ ಕೊಟ್ಟ ನೀಲಿ ಗ್ಲೌಸು ಹಾಕಿಕೊಂಡು ನಿಂತಳು. ಮೂವರೂ ಸೇರಿ ತೊಳೆದೆವು. ಹೊತ್ತು ಮುಳುಗುವ ಹೊತ್ತಿಗೆ ನೀರು ಮತ್ತೆ ಒಂದೇ ಹಾಳೆಯಾಯಿತು.

ಮರುದಿನ ಧೂಳು ಏಳದಂತೆ ನೆಲಕ್ಕೆ ನೀರು ಹೊಡೆದು, ಮುಖಕ್ಕೆ ಮಾಸ್ಕ್ ಕಟ್ಟಿ ಪ್ರೈಮರ್ ಹೊಡೆದೆವು. ಆಮೇಲೆ ಬಿಳಿ ಬಣ್ಣ. ಮಂಜಿನ ಹಾಗೆ ಬಂದು ಕೂತು, ನೋಡುನೋಡುತ್ತಿದ್ದಂತೆ ಗಾಜಿನ ಹಾಗೆ ನುಣುಪಾಯಿತು.

ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ಅವ್ವನನ್ನು ಮತ್ತೆ ಕರೆಸಿದೆ. ಈ ಸಲ ಅವಳು ಬಾಗಿಲಲ್ಲಿ ನಿಲ್ಲಲಿಲ್ಲ. ನೇರ ಹೋಗಿ ರೆಕ್ಕೆಗೆ ಆತುಕೊಂಡು ನಿಂತಳು. ಗೌಡರೂ ಬಂದರು, ಎಂದಿನಂತೆ ಕೈ ಬೆನ್ನಿಗೆ ಕಟ್ಟಿಕೊಂಡು. ಸರ್ ಎಂಜಿನ್ನಿನ ಹತ್ತಿರ ಬಗ್ಗಿದ್ದರು, ನಾನು ಸೀಟಿನೊಳಗಿದ್ದೆ. ರೆಕ್ಕೆಯ ಹತ್ತಿರ ಇದ್ದವಳು ಅವ್ವ ಒಬ್ಬಳೇ. ಹಾಗಾಗಿ ಗೌಡರು ಕೈ ಮುಂದೆ ತಂದು ಅವಳನ್ನೇ ಕೇಳಿದರು:

"ಈಗ ಮುಟ್ಟಬೌದೇನವಾ?"

ಅವ್ವ ಅವರ ಕೈ ನೋಡಿದಳು. ಬೆರಳಿಗೆ ತಂಬಾಕಿನ ಸುಣ್ಣ ಹತ್ತಿತ್ತು.

"ಕೈ ತೊಳಕೊಂಡ್ ಬರ್ರಿ," ಎಂದಳು.

ಗೌಡರು ಹೊರಗಿನ ನೀರಿನ ಡ್ರಮ್ಮಿನ ಕಡೆ ನಡೆದರು.